ಅತ್ತೆಯ ಕ್ರಿಸ್ಮಸ್ ಗುಂಡುಗಳಿಗೆ ಮತ್ತೆ ಬೆಳ್ಳಿ ಹಿಡಿಸಿದೆ

"ಆಗಲ್ಲ ಬಿಡಿ" ಅಂದವರೇ ಜಾಸ್ತಿ. ನಾನು ಹೊರಟದ್ದು ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಹಳೆ ಗಾಜಿನ ಗುಂಡುಗಳ ಒಳಗೆ ಮತ್ತೆ ಬೆಳ್ಳಿ ಹಿಡಿಸಲು. ಕನ್ನಡಿ ಅಂಗಡಿಯವರು ಇಷ್ಟು ಸಣ್ಣ ಕತ್ತಿನೊಳಗೆ ಬೆಳ್ಳಿ ಕೂರುವುದೇ ಇಲ್ಲ ಎಂದರು. ಭಾವ ಅಂತೂ "ಡಜನ್‌ಗೆ 200 ರೂಪಾಯಿ ಕೊಟ್ಟರೆ ಹೊಸದೇ ಸಿಗುತ್ತೆ" ಎಂದು ಮಾತು ಮುಗಿಸಿದರು. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ ಅಂದರೆ ಅಪ್ಪನ ಅಕ್ಕ. ತೀರಿಕೊಂಡು ನಾಲ್ಕೈದು ವರ್ಷವಾಯಿತು. ಅವರ ಅಜ್ಜ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯಲ್ಲಿದ್ದವರು. ಗುಂಡುಗಳು ಆ ಕಾಲದಲ್ಲೇ ಜರ್ಮನಿಯಿಂದ ಬಂದವು ಅಂತ ಮನೆಯವರ ಮಾತು. ಊದಿ ಮಾಡಿದ ತೆಳು ಗಾಜು, ಒಳಗೆ ಬೆಳ್ಳಿ, ಹೊರಗೆ ಬಣ್ಣ. ಇಂಥ ಗುಂಡುಗಳಿಗೆ ಹೆಸರಾದ ಜರ್ಮನಿಯ ಲೌಷಾ ಊರಿನವರು ಮಾಡುತ್ತಿದ್ದುದೂ ಹೀಗೇ. ನಮ್ಮ ಕರಾವಳಿಯ ತೇವಕ್ಕೆ ಒಳಗಿನ ಬೆಳ್ಳಿ ಕಪ್ಪಾಗಿ ಉದುರಿತ್ತು.

ಹೊರಗಡೆ ಪೂರ್ತಿ ಅತ್ತೆಯ ಕೈಕೆಲಸ. ಕೊಕ್ಕೆಗಳೆಲ್ಲ ಹಳೆ ವೈರಿನ ತಾಮ್ರದ ತಂತಿ. ಬಣ್ಣ ಎದ್ದಲ್ಲೆಲ್ಲ ಕೆಂಪು ಕ್ಯೂಟೆಕ್ಸ್. ದ್ರಾಕ್ಷಿ ಗೊಂಚಲಿನ ಆಕಾರದ್ದು ಒಂದಿದೆ. ಅದರ ಒಂದು ದ್ರಾಕ್ಷಿಗೆ ಕ್ಯೂಟೆಕ್ಸ್ ಬಳಿದು, ಒಣಗುವ ಮೊದಲೇ ಹಿಡಿದಿದ್ದಾರೆ. ಹೆಬ್ಬೆರಳಿನ ಗೆರೆಗಳು ಹಾಗೇ ಉಳಿದಿವೆ. ಹಾಗಾಗಿ ನನ್ನದು ಒಂದೇ ಷರತ್ತು: ಒಳಗೆ ಏನು ಬೇಕಾದರೂ ಆಗಲಿ, ಹೊರಗೆ ಒಂದು ಹನಿಯೂ ಬೀಳಬಾರದು.

ಮೊದಲು ಪೇಂಟ್ ಅಂಗಡಿಯ ಸಿಲ್ವರ್ ಬಣ್ಣ ಸುರಿದು ನೋಡಿದೆ. ಹಳೇ ಸ್ಟೀಲ್ ಡಬ್ಬಿಯ ಹಾಗೆ ಮಂಕಾಯಿತು, ತೂಕವೂ ಏರಿತು. ಆಮೇಲೆ ಸಿಲ್ವರ್ ನೈಟ್ರೇಟ್, ಅಮೋನಿಯಾ, ಗ್ಲೂಕೋಸ್ ದಾರಿಗೆ ಬಂದೆ. ಇವನ್ನು ಬೆರೆಸಿದರೆ ನೈಟ್ರೇಟಿನಲ್ಲಿರುವ ಬೆಳ್ಳಿ ಬಿಟ್ಟುಕೊಂಡು ಗಾಜಿಗೆ ಕನ್ನಡಿಯ ಹಾಗೆ ಹಿಡಿಯುತ್ತೆ. ಕಷ್ಟ ಕೊಟ್ಟದ್ದು ನೀರು. ಬಾವಿ ನೀರಿನಲ್ಲಿ ಉಪ್ಪಿನ ಅಂಶ ಇರುತ್ತೆ, ನೈಟ್ರೇಟ್ ಬಿದ್ದ ಕೂಡಲೇ ಬೆಳ್ಳಗೆ ಒಡೆಯಿತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೂಡ ಎಲ್ಲವೂ ಶುದ್ಧ ಅಲ್ಲ. ಒಂದು ಹನಿ ನೈಟ್ರೇಟ್ ಹಾಕಿ ನೋಡಿ, ಮಬ್ಬಾದರೆ ಆ ಬಾಟಲಿ ಬೇಡ. 10 ಗ್ರಾಂ ನೈಟ್ರೇಟ್‌ಗೆ ನಾನು ಕೊಟ್ಟದ್ದು ಸುಮಾರು 2,000 ರೂಪಾಯಿ. ಒಂದು ಗುಂಡಿಗೆ ಅರ್ಧ ಗ್ರಾಂ ಸಾಕು. ಆದರೆ ಹಾಳಾದದ್ದೂ ಸೇರಿ ಒಟ್ಟು ಎಂಟೊಂಬತ್ತು ಸಾವಿರ ಹೋಯಿತು.

ಹಳೆ ಬೆಳ್ಳಿಯನ್ನು ತೆಳು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿದೆ. ಎಲ್ಲವನ್ನೂ ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಒಳಗೆ ಬಿಡಬೇಕು. ಕತ್ತು ಹಿಡಿದು ಎತ್ತಬೇಡಿ, ನೀರಿನ ಭಾರಕ್ಕೆ ಮುರಿಯುತ್ತೆ. ತಳಕ್ಕೆ ಅಂಗೈ ಕೊಡಿ. ಬೆಳ್ಳಿ ದ್ರಾವಣ ಬಿಡುವ ಮೊದಲು ಗಾಜಿನ ಒಳಗೆ ಸ್ಟ್ಯಾನಸ್ ಕ್ಲೋರೈಡ್ (ತವರದ ಲವಣ) ಹಾಕಿ ತೊಳೆಯಲೇಬೇಕು. ಅದಿಲ್ಲದೆ ನನಗೆ ಬಂದದ್ದು ಬರೀ ಬೂದು ಪೊರೆ. ಬಿಡದೆ ತಿರುಗಿಸುತ್ತಾ ಇದ್ದರೆ ಮೊದಲು ಕಂದು, ಮತ್ತೆ ಕಪ್ಪು, ಆಮೇಲೆ ಇದ್ದಕ್ಕಿದ್ದಂತೆ ನಮ್ಮ ಮುಖ ಕಾಣುತ್ತೆ! ಗ್ಲೂಕೋಸಿನ ಅಳತೆ, ಮತ್ತೆ ದ್ರಾಕ್ಷಿ ಗೊಂಚಲಿನ ಸಂದಿಗಳಿಗೆ ಬೆಳ್ಳಿ ಮುಟ್ಟಿಸಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗ್ಲೂಕೋಸ್ ಬದಲು ಜೋನಿ ಬೆಲ್ಲವನ್ನೂ ಪ್ರಯತ್ನಿಸಿದೆ, ಬರೀ ಕೆಸರು. ಜೇನು ಪರವಾಗಿಲ್ಲ, ಸ್ವಲ್ಪ ಹಳದಿ ಛಾಯೆ ಬಂತು. ಒಂದು ಗುಂಡನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ, ಚೆಂದ ಕಾಣುತ್ತೆ.

ಕೈಗವಸು ಹಾಕಿ. ಮೈಸೂರಿನಲ್ಲಿ ತಯಾರಾಗುವ ಮತದಾನದ ಶಾಯಿಯಲ್ಲೂ ಇದೇ ನೈಟ್ರೇಟ್ ಇರುವುದು, ಕಲೆ ವಾರಗಟ್ಟಲೆ ಹೋಗಲ್ಲ. ಬೆರೆಸಿದ ದ್ರಾವಣವನ್ನು ನಾಳೆಗೆ ಅಂತ ಎತ್ತಿಡಲೇಬೇಡಿ, ಹಾಗೇ ಇಟ್ಟರೂ, ಒಣಗಿದರೂ ಸಿಡಿಯಬಹುದು. ಉಳಿದದ್ದಕ್ಕೆ ಆವಾಗಲೇ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕೆಡಿಸಿ.

ಈ ಕ್ರಿಸ್ಮಸ್‌ಗೆ ಗಾಳಿಮರದ ಕೊಂಬೆ ತಂದು, ಅತ್ತೆಯ ತಾಮ್ರದ ಕೊಕ್ಕೆಗಳಲ್ಲೇ ಎಲ್ಲವನ್ನೂ ತೂಗುಹಾಕಿದೆವು. ಕನ್ನಡಿ ಅಂಗಡಿಯವರು ಬಂದು ನೋಡಿ, ನೀರು ಎಲ್ಲಿಯದು ಎಂದು ಕೇಳಿಕೊಂಡು ಹೋದರು. ಭಾವ ಪ್ರತಿಯೊಂದರ ಫೋಟೋ ತೆಗೆದುಕೊಂಡಿದ್ದಾರೆ.

ಇನ್ನು ಉಳಿದಿರುವುದು ಕ್ಲಿಪ್ ಇರುವ ಹಕ್ಕಿ. ಅದರ ಬಾಲ ಗಾಜಿನ ನಾರಿನದ್ದು, ಅರ್ಧ ಉದುರಿದೆ. ಅಂಥ ನಾರು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.