ಫ್ರೀಮನ್‌ನ ಜಮೀನಿನ ಕಾಗದ ಓದಿದ ಅನುಭವ

ಅಮೆರಿಕದ ಹಳೇ ಕಾಲದ ರೈತರ ಬಗ್ಗೆ ಕಥೆಗಳಿಗೇನೂ ಬರ ಇಲ್ಲ. ಮಿಡತೆ, ಹಿಮದ ಬಿರುಗಾಳಿ, ಎತ್ತಿನ ಗಾಡಿ, ಎಲ್ಲಾ ಸಿಗುತ್ತವೆ. ನೆಬ್ರಾಸ್ಕಾದ ನಮ್ಮ ಕನ್ನಡ ತರಗತಿಯ ಮಕ್ಕಳಿಗೆ ಇಂಥ ಒಬ್ಬ ರೈತನ ಬದುಕು ಬರೆದುಕೊಡಲು ಕೂತಾಗ ನಾನು ಕಥೆಗಳನ್ನು ಬದಿಗಿಟ್ಟು ಜಮೀನಿನ ಕಾಗದ ಹಿಡಿದೆ. ಊರಲ್ಲಿ ಪಹಣಿ, ಮ್ಯುಟೇಶನ್ ಅಂತ ತಾಲೂಕು ಕಚೇರಿ ಸುತ್ತಿದವರಿಗೆ ಈ ದಾರಿ ಹೊಸದಲ್ಲ.

ಆರಿಸಿಕೊಂಡದ್ದು ಡೇನಿಯಲ್ ಫ್ರೀಮನ್‌ನನ್ನು. 1826ರಲ್ಲಿ ಓಹಾಯೋದಲ್ಲಿ ಹುಟ್ಟಿದವನು. ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ ದಿನವೇ, 1863ರ ಜನವರಿ 1ರಂದು, ನೆಬ್ರಾಸ್ಕಾದ ಬ್ರೌನ್‌ವಿಲ್‌ನ ಭೂ ಕಚೇರಿಯಲ್ಲಿ ಅರ್ಜಿ ಹಾಕಿದ. ಅರ್ಜಿಯ ನಂಬರು 1. ಕಾಯ್ದೆ ಹೇಳಿದ್ದು ಇಷ್ಟು: 160 ಎಕರೆ ತನಕ ಸರ್ಕಾರಿ ನೆಲ ಬರೆಸಿಕೋ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡು, ಇಬ್ಬರ ಕೈಲಿ ಸಾಕ್ಷಿ ಹೇಳಿಸು, ಹಕ್ಕುಪತ್ರ ತಗೋ. ಸಣ್ಣ ಶುಲ್ಕ ಬಿಟ್ಟರೆ ದುಡ್ಡು ಕೊಡಬೇಕಿಲ್ಲ.

ಮಧ್ಯರಾತ್ರಿ ಗುಮಾಸ್ತನನ್ನು ಒಪ್ಪಿಸಿ ಕಚೇರಿ ಬಾಗಿಲು ತೆಗೆಸಿದ ಅನ್ನೋ ಕಥೆ ಫ್ರೀಮನ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಚೆನ್ನಾಗಿದೆ, ಮಕ್ಕಳಿಗೆ ಇಷ್ಟವೂ ಆಗುತ್ತೆ. ಆದರೆ ಅದು ಒಂದು ರಾತ್ರಿಯ ಮಾತು. ಮುಂದಿನ ಐದು ವರ್ಷ ಏನು ಮಾಡಿದ ಅಂತ ತಿಳಿಯಲು ಕಡತವೇ ಬೇಕು.

ಮೊದಲು ನಕ್ಷೆ. ಇಲ್ಲಿ ಸರ್ವೆ ನಂಬರಿನ ಬದಲು ಟೌನ್‌ಶಿಪ್ ಅನ್ನೋ ದೊಡ್ಡ ಚೌಕ, ಅದು ಎಷ್ಟನೇ ಕಂಬಸಾಲಿನಲ್ಲಿದೆ ಅಂತ ಹೇಳುವ ರೇಂಜ್, ಚೌಕದೊಳಗಿನ ತುಂಡಿಗೆ ಸೆಕ್ಷನ್. ಒಂದು ಟೌನ್‌ಶಿಪ್ಪಿಗೆ 36 ಸೆಕ್ಷನ್, ಒಂದೊಂದೂ 640 ಎಕರೆ. ಅದರ ಕಾಲು ಭಾಗವೇ 160. ಫ್ರೀಮನ್ ಮಾತ್ರ ನೆಟ್ಟಗೆ ಒಂದು ಚೌಕ ತಗೊಂಡಿಲ್ಲ. ನಲವತ್ತು ಎಕರೆಯ ನಾಲ್ಕು ತುಂಡು ಜೋಡಿಸಿದ್ದಾನೆ. ಚೌಕುಳಿ ಹಾಳೆಯಲ್ಲಿ ಬರೆದು ನೋಡಿದರೆ ತಲೆಕೆಳಗಾದ ಇಂಗ್ಲಿಷ್ ಟಿ ಆಕಾರ. ಅದರೊಳಗೆ ಕಬ್ ಕ್ರೀಕ್ ಅನ್ನೋ ಹಳ್ಳ ಹರಿಯುತ್ತದೆ, ಹಳ್ಳದ ದಡದಲ್ಲಿ ಮರಗಳು. ಬಯಲು ಸೀಮೆಯಲ್ಲಿ ನೀರು, ಸೌದೆ ಎರಡೂ ಒಂದೇ ಕಡೆ ಬೇಕು ಅಂತಲೇ ಹೀಗೆ ಆರಿಸಿರಬೇಕು ಅನ್ನೋದು ನನ್ನ ಲೆಕ್ಕ.

ಕಡತದಲ್ಲಿ ನನಗೆ ತುಂಬಾ ಹಿಡಿಸಿದ್ದು ಸಾಕ್ಷಿಗಳ ಹೇಳಿಕೆ. ಅರ್ಧ ದಿಮ್ಮಿ, ಅರ್ಧ ಹಲಗೆಯ ಒಂದಂತಸ್ತಿನ ಮನೆ, 14 ಅಡಿಗೆ 20 ಅಡಿ. ಎರಡು ಬಾಗಿಲು, ಎರಡು ಕಿಟಕಿ, ಹಲಗೆ ನೆಲ. ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ. ಒಂದು ಲಾಯ, 100 ಅಡಿ ಉದ್ದದ ಕುರಿ ಕೊಟ್ಟಿಗೆ, ಮೆಕ್ಕೆಜೋಳದ ತೆನೆ ತುಂಬಿಡುವ ಗೂಡು. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

ಓದಿ ಬಿಟ್ಟರೆ ಅಂಕಿ ಅಂಕಿಯಾಗೇ ಉಳಿಯುತ್ತೆ. ಹಾಗಾಗಿ ಗ್ಯಾರೇಜಿನ ಮುಂದೆ ಸೀಮೆಸುಣ್ಣದಲ್ಲಿ 14ಕ್ಕೆ 20 ಗೆರೆ ಎಳೆದು ಮಕ್ಕಳನ್ನು ಒಳಗೆ ನಿಲ್ಲಿಸಿದೆ. "ಅಂಕಲ್, ಇದು ಬರೀ ಬೆಡ್‌ರೂಮಾ?" ಅಂದಳು ಒಬ್ಬಳು. ಅಲ್ಲಮ್ಮ, ಪೂರ್ತಿ ಮನೆ. ಕುರಿ ಕೊಟ್ಟಿಗೆಯ ಗೆರೆ ಎಳೆಯಲು ಹೋದರೆ ಪಕ್ಕದ ಮನೆಯವರ ಹುಲ್ಲಿನ ಮೇಲೂ ಹೋಗಬೇಕಾಯಿತು. ಮನೆಯ ಐದು ಪಟ್ಟು ಉದ್ದದ ಕೊಟ್ಟಿಗೆ ಅಂದರೆ ಇವನು ಬರೀ ದವಸ ನಂಬಿದವನಲ್ಲ, ಅಲ್ವಾ?

ಐದು ವರ್ಷಕ್ಕೆ 35 ಎಕರೆ ಕಮ್ಮಿ ಅನ್ನಿಸಬಹುದು. ಈ ಹುಲ್ಲುಗಾವಲಿನ ಬೇರು ಹಲವು ಅಡಿ ಆಳಕ್ಕೆ ಇಳಿದು ಹೆಣೆದುಕೊಂಡಿರುತ್ತೆ. ಜಾನ್ ಡೀರ್ ಅನ್ನೋ ಕಮ್ಮಾರ 1837ರಲ್ಲಿ ಉಕ್ಕಿನ ನೇಗಿಲು ಮಾಡಿದ್ದೇ ಬಯಲಿನ ಅಂಟು ಮಣ್ಣು ನೇಗಿಲಿಗೆ ಮೆತ್ತಿಕೊಳ್ಳುತ್ತೆ ಅಂತ. ಹೊಸ ನೆಲ ಒಡೆಯುವಾಗ ಒಂದೇ ನೇಗಿಲಿಗೆ ಹಲವು ಜೋಡಿ ಎತ್ತು ಕಟ್ಟುತ್ತಿದ್ದರು. ಮಗುಚಿದ ಹೆಂಟೆ ಬೇಗ ಕೊಳೆಯುವುದಿಲ್ಲ. ಮೊದಲ ವರ್ಷ ಅದನ್ನು ಕೊಡಲಿಯಿಂದ ಸೀಳಿ, ಸಂದಿಯಲ್ಲಿ ಮೆಕ್ಕೆಜೋಳದ ಕಾಳು ಹಾಕಿ, ಕಾಲಿಂದ ತುಳಿದು ಮುಂದೆ ಹೋಗುವುದು. ಬಂದಷ್ಟು ಬೆಳೆ.

ಈ ಕಾಗದಗಳಲ್ಲಿ ಇಲ್ಲದ್ದನ್ನೂ ಬರೆಯಬೇಕು. ನೆಲ ಖಾಲಿ ಬಿದ್ದಿರಲಿಲ್ಲ. ಅದು ಓಟೋ ಮತ್ತು ಮಿಸೌರಿಯಾ ಅನ್ನೋ ಮೂಲನಿವಾಸಿ ಜನರ ನೆಲ. 1854ರ ಒಪ್ಪಂದದಲ್ಲಿ ಬಹುಪಾಲು ಬಿಟ್ಟುಕೊಟ್ಟು, ಉಳಿದ ತುಂಡನ್ನೂ ಕಳೆದುಕೊಂಡು ಅವರು ಒಕ್ಲಹೋಮಾ ಕಡೆ ಹೋದರು. ಫ್ರೀಮನ್‌ನ ಹೆಂಡತಿ ಆಗ್ನೆಸ್ ಕೂಡ ಸಾಕ್ಷಿಗಳ ಹೇಳಿಕೆಯಲ್ಲಿ ಹೆಚ್ಚು ಕಾಣುವುದಿಲ್ಲ. 1865ರಲ್ಲಿ ಅಯೋವಾದಿಂದ ಮದುವೆಯಾಗಿ ಬಂದವಳು. ಆ ಇಪ್ಪತ್ತಡಿ ಮನೆಯೊಳಗಿನ ದುಡಿಮೆಯನ್ನು ಯಾವ ಗುಮಾಸ್ತನೂ ಎಣಿಸಲಿಲ್ಲ.

ನೀವೂ ಇಂಥ ಕೆಲಸಕ್ಕೆ ಇಳಿಯುವುದಾದರೆ, ಹಕ್ಕುಪತ್ರದ ಚಿತ್ರಗಳು ಅಮೆರಿಕ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ. ಆದರೆ ಅದರಲ್ಲಿ ಹೆಸರು, ಅಳತೆ ಬಿಟ್ಟರೆ ಜಾಸ್ತಿ ಏನಿಲ್ಲ. ರುಚಿ ಇರುವುದು ರಾಷ್ಟ್ರೀಯ ದಾಖಲೆ ಸಂಗ್ರಹದ ಪೂರ್ತಿ ಕಡತದಲ್ಲಿ. 1850ರಿಂದ 1880ರವರೆಗಿನ ಕೃಷಿ ಗಣತಿಯೂ ನೋಡಿ. ಎಷ್ಟು ಹಸು, ಎಷ್ಟು ಬುಷೆಲ್ ಮೆಕ್ಕೆಜೋಳ, ಎಷ್ಟು ಪೌಂಡ್ ಬೆಣ್ಣೆ ಅಂತ ಸಾಲು ಸಾಲಾಗಿ ಇರುತ್ತೆ. ಬೆಣ್ಣೆಯ ಸಾಲು ಬಿಡಬೇಡಿ. ಅದು ಹೆಚ್ಚಾಗಿ ಹೆಂಗಸರ ದುಡಿಮೆಯ ಲೆಕ್ಕ.