ಸೊನ್ನೆಯಾಗಿ ಕಂಡ ಮಳೆ: ಹ್ಯಾಶ್‌ಮ್ಯಾಪ್‌ನಲ್ಲಿ ನಲ್ ಹುಡುಕಿದ ನನ್ನ ಅನುಭವ

ಕೊಡಗಿನ ಹೆಚ್ಚಿನ ಕಾಫಿ ತೋಟಗಳಲ್ಲಿ ಒಂದು ಮಳೆ ಪುಸ್ತಕವಿರುತ್ತದೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಬರೆದಿಡುವುದು ಇಲ್ಲಿನ ರೂಢಿ. ನೂರು ಸೆಂಟ್ ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನಮ್ಮ ಕುಟುಂಬದ ಮತ್ತು ನೆಂಟರ ತೋಟಗಳ ಇಂತಹ ಪುಸ್ತಕಗಳನ್ನು ಗಣಕಕ್ಕೆ ಏರಿಸಲು ನಾನು ಜಾವಾದಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಊರಿನ ಹೆಸರು ಮತ್ತು ದಿನಾಂಕ ಎರಡನ್ನೂ ಸೇರಿಸಿ ‘ಮಳೆಕೀ’ ಎಂಬ ಕ್ಲಾಸ್ ಮಾಡಿ, ಅದರ ಆಬ್ಜೆಕ್ಟನ್ನೇ ಹ್ಯಾಶ್‌ಮ್ಯಾಪ್‌ನ (ಒಂದು ಕೀ ಕೊಟ್ಟರೆ ಅದಕ್ಕೆ ಜೋಡಿಸಿದ ಬೆಲೆಯನ್ನು ಹಿಂದಿರುಗಿಸುವ ಸಂಗ್ರಹ) ಕೀ ಆಗಿ ಇಟ್ಟುಕೊಂಡೆ.

ತಪ್ಪು ಮೊದಲು ಕಂಡದ್ದು ನಾಪೋಕ್ಲುವಿನ ನಮ್ಮ ದೊಡ್ಡಪ್ಪನವರಿಗೆ. “ಮಾರ್ಚ್‌ನ ಆ ದಿನ 1 ಇಂಚು 20 ಸೆಂಟ್ ಬಿದ್ದದ್ದು ಪುಸ್ತಕದಲ್ಲಿದೆ ಮಗ, ನಿನ್ನದರಲ್ಲಿ ಸೊನ್ನೆ ಎಂದಿದೆಯಲ್ಲ?” ಎಂದು ಅವರು ಕೇಳಿದರು. ರೋಬಸ್ಟಾ ಕಾಫಿ ಬೆಳೆಗಾರರಿಗೆ ಹೂಮಳೆಯ, ಅಂದರೆ ಹೂ ಅರಳಿಸುವ ಮಳೆಯ, ದಿನವೆಂದರೆ ಆ ವರ್ಷದ ಫಸಲಿನ ಲೆಕ್ಕ ಆರಂಭವಾಗುವ ದಿನ. ಅದರ ನಂತರ ಬರಬೇಕಾದ ಬ್ಯಾಕಿಂಗ್ ಶವರನ್ನು (ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ) ಎಣಿಸುವುದೂ ಅಲ್ಲಿಂದಲೇ. ಅಂತಹ ದಿನಕ್ಕೆ ಸೊನ್ನೆ ತೋರಿಸಿದ್ದು ನನಗೆ ನಿಜಕ್ಕೂ ನೋವಾಯಿತು.

ತಿಂಗಳ ಮೊತ್ತ ಮಾತ್ರ ಸರಿಯಾಗಿತ್ತು. ಮೊತ್ತವನ್ನು ಮ್ಯಾಪ್‌ನ ಎಲ್ಲ ದಾಖಲೆಗಳ ಮೇಲೆ ಲೂಪ್ ಹಾಕಿ ತೆಗೆಯುತ್ತಿದ್ದೆ, ಒಂದು ದಿನದ ಮಳೆಯನ್ನು ಮಾತ್ರ ಹೊಸ ಕೀ ರಚಿಸಿ ‘ಗೆಟ್‌ಆರ್‌ಡಿಫಾಲ್ಟ್’ ಮೂಲಕ ಕೇಳುತ್ತಿದ್ದೆ, ಮತ್ತು ಅಲ್ಲಿ ಕೀ ಸಿಗದಿದ್ದಾಗ ಬರುವ ಡಿಫಾಲ್ಟ್ ಬೆಲೆ ಸೊನ್ನೆ ಎಂದು ಕೊಟ್ಟಿದ್ದೆ. ಅದನ್ನು ತೆಗೆದು ಬರಿಯ ‘ಗೆಟ್’ ಹಾಕಿದಾಗ ಪ್ರತಿ ದಿನಕ್ಕೂ ನಲ್, ಅಂದರೆ ‘ಏನೂ ಇಲ್ಲ’ ಎಂಬ ಉತ್ತರ, ಬಂತು. ದಾಖಲೆ ಮ್ಯಾಪ್‌ನಲ್ಲಿದೆ, ಮುದ್ರಿಸಿದರೆ ಕಾಣುತ್ತದೆ, ಕೇಳಿದರೆ ಸಿಗುವುದಿಲ್ಲ.

ಹ್ಯಾಶ್‌ಮ್ಯಾಪ್ ಕೀಯನ್ನು ಮೊದಲಿನಿಂದ ಕೊನೆಯವರೆಗೆ ಹುಡುಕುವುದಿಲ್ಲ. ಕೀಯ ಹ್ಯಾಶ್‌ಕೋಡ್ ಎಂಬ ಸಂಖ್ಯೆಯಿಂದ ಯಾವ ಗೂಡು ಎಂದು ಲೆಕ್ಕ ಹಾಕಿ (ಆರಂಭದಲ್ಲಿ 16 ಗೂಡುಗಳಿರುತ್ತವೆ), ಆ ಗೂಡಿನಲ್ಲಿರುವ ಕೀಗಳನ್ನು ಮಾತ್ರ ‘ಈಕ್ವಲ್ಸ್’ನಿಂದ ಹೋಲಿಸುತ್ತದೆ. ನಾನು ಹ್ಯಾಶ್‌ಕೋಡ್ ಬರೆದೇ ಇರಲಿಲ್ಲ. ಹಾಗಾಗಿ ಒಂದೇ ಊರು, ಒಂದೇ ದಿನಾಂಕವಿದ್ದರೂ ಎರಡು ಆಬ್ಜೆಕ್ಟ್‌ಗಳ ಹ್ಯಾಶ್ ಬೇರೆ ಬೇರೆಯಾಗುತ್ತಿತ್ತು. ಈಕ್ವಲ್ಸ್ ಬರೆದಿದ್ದೆನಾದರೂ ಅದರ ಪ್ಯಾರಾಮೀಟರ್ ‘ಆಬ್ಜೆಕ್ಟ್’ ಬದಲು ‘ಮಳೆಕೀ’ ಎಂದಿತ್ತು. ನಾನೇ ಎರಡು ಕೀಗಳನ್ನು ಹೋಲಿಸಿ ನೋಡಿದಾಗ ‘ಟ್ರೂ’ ಬರುತ್ತಿದ್ದುದರಿಂದ ಬಹಳ ಹೊತ್ತು ಅದರ ಮೇಲೆ ಸಂಶಯವೇ ಬರಲಿಲ್ಲ. ಮ್ಯಾಪ್ ಮಾತ್ರ ‘ಆಬ್ಜೆಕ್ಟ್’ ಸ್ವೀಕರಿಸುವ ಮೂಲ ಈಕ್ವಲ್ಸನ್ನೇ (ಎರಡೂ ಅದೇ ಆಬ್ಜೆಕ್ಟ್ ಆಗಿದ್ದರೆ ಮಾತ್ರ ‘ಟ್ರೂ’ ಎನ್ನುವುದು) ಕರೆಯುತ್ತಿತ್ತು. ನನ್ನ ಈಕ್ವಲ್ಸ್ ಮೇಲೆ, ಇದು ಮೂಲದ್ದರ ಬದಲಿ ಎಂದು ಸಾರುವ ‘ಓವರ್‌ರೈಡ್’ ಎಂಬ ಅನೊಟೇಶನ್ ಹಾಕಿದ್ದರೆ ಕಂಪೈಲರ್ ಮೊದಲ ದಿನವೇ ತಡೆಯುತ್ತಿತ್ತು.

ಎರಡನ್ನೂ ಸರಿಪಡಿಸಿದ ಮೇಲೆ ಭಾಗಮಂಡಲ, ಚೆಟ್ಟಳ್ಳಿ, ಸಿದ್ದಾಪುರದ ದಾಖಲೆಗಳೆಲ್ಲ ಬಂದವು. ಮಡಿಕೇರಿ, ಪೊನ್ನಂಪೇಟೆ ಮತ್ತು ನಾಪೋಕ್ಲುವಿಗೆ ಆಗಲೂ ನಲ್. ಈ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಎಷ್ಟೋ ಹೊತ್ತು ನೋಡಿದೆ. ಕೊನೆಗೆ ಮ್ಯಾಪ್‌ನಲ್ಲಿದ್ದ ‘ನಾಪೋಕ್ಲು’ ಮತ್ತು ನಾನು ಟೈಪ್ ಮಾಡಿದ ‘ನಾಪೋಕ್ಲು’ ಎರಡರ ಉದ್ದವನ್ನು ಮುದ್ರಿಸಿದಾಗ ಒಂದಕ್ಕೆ 10, ಇನ್ನೊಂದಕ್ಕೆ 8 ಎಂದು ಬಂತು. ಪರದೆಯ ಮೇಲೆ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಗಣಕದಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಓತ್ವಕ್ಕೆ ಒಂದೇ ಸಂಕೇತವೂ ಇದೆ. ಎತ್ವ, ಊಕಾರದ ಕೊಂಬು ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಅದನ್ನೇ ಬರೆಯಬಹುದು. ಒತ್ವ, ಏತ್ವ, ಐತ್ವ ಮತ್ತು ಗುಡಿಸಿನ ದೀರ್ಘಕ್ಕೂ ಹೀಗೆಯೇ. ನಾನು ಊರಿನ ಹೆಸರನ್ನು ಕಡತದ ಹೆಸರಿನಿಂದ ಓದುತ್ತಿದ್ದೆ, ಮತ್ತು ಆ ಕಡತಗಳು ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುವ ಒಂದು ಹಳೆಯ ಗಣಕದಿಂದ ಬಂದಿದ್ದವು. ಭಾಗಮಂಡಲದಲ್ಲಾಗಲಿ ಚೆಟ್ಟಳ್ಳಿಯಲ್ಲಾಗಲಿ ಬಿಡಿಸಬಹುದಾದ ಸ್ವರಚಿಹ್ನೆಯೇ ಇಲ್ಲ. ಆದ್ದರಿಂದ ಅವು ಪಾರಾದವು. ಕೀ ರಚಿಸುವ ಜಾಗದಲ್ಲೇ ಜಾವಾದ ‘ನಾರ್ಮಲೈಸರ್’ ಬಳಸಿ ಎಲ್ಲ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಕೂಡಿಸಿದ ರೂಪಕ್ಕೆ, ತಂದೆ. ಹೆಸರಿನ ಕೊನೆಯ ಖಾಲಿ ಜಾಗ ಮತ್ತು ಕಣ್ಣಿಗೆ ಕಾಣದ ಜಾಯಿನರ್ ಅಕ್ಷರಗಳು ಇದರಿಂದ ಹೋಗುವುದಿಲ್ಲ, ಅವುಗಳನ್ನು ಬೇರೆಯಾಗಿಯೇ ತೆಗೆಯಬೇಕು. ಕನ್ನಡದ ಪಠ್ಯವನ್ನು ಕೀ ಆಗಿ ಬಳಸುವವರೆಲ್ಲರೂ ಇದನ್ನು ಮೊದಲೇ ಮಾಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ದೋಷ ಸಣ್ಣದು. ತಪ್ಪಾಗಿ ನಮೂದಿಸಿದ ದಿನಾಂಕವನ್ನು ತಿದ್ದುವಾಗ ಮ್ಯಾಪ್‌ನೊಳಗಿದ್ದ ಕೀಯನ್ನೇ ಬದಲಿಸುತ್ತಿದ್ದೆ. ಹ್ಯಾಶ್ ಬದಲಾಗುತ್ತಿತ್ತು, ದಾಖಲೆ ಹಳೆಯ ಗೂಡಿನಲ್ಲೇ ಉಳಿಯುತ್ತಿತ್ತು, ನಂತರ ಹಳೆಯ ದಿನಾಂಕಕ್ಕೂ ಹೊಸ ದಿನಾಂಕಕ್ಕೂ ಸಿಗುತ್ತಿರಲಿಲ್ಲ. 2021ರ ಜಾವಾ 16ರಿಂದ ಅಧಿಕೃತವಾಗಿ ಬಂದ ‘ರೆಕಾರ್ಡ್’ ಆಗಿ ಮಳೆಕೀಯನ್ನು ಮತ್ತೆ ಬರೆದೆ. ಅದರ ಫೀಲ್ಡ್‌ಗಳಿಗೆ ಬೇರೆ ಬೆಲೆ ಕೊಡಲಾಗದು, ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ತಾವಾಗಿಯೇ ಸಿಗುತ್ತವೆ. ತಿದ್ದುಪಡಿ ಎಂದರೆ ಈಗ ಹಳೆಯ ದಾಖಲೆ ತೆಗೆದು ಹೊಸದನ್ನು ಸೇರಿಸುವುದು.

ಮಳೆ ಬೀಳದ ದಿನಕ್ಕೆ ಈಗ ಸೊನ್ನೆ ಬರುತ್ತದೆ, ಮ್ಯಾಪ್‌ನಲ್ಲಿ ಕೀ ಇಲ್ಲದ ದಿನಕ್ಕೆ ‘ದಾಖಲೆ ಇಲ್ಲ’ ಎಂದು ಬರುತ್ತದೆ. ಹಾಗೆ ಬಂದ ದಿನಗಳನ್ನೆಲ್ಲ ದೊಡ್ಡಪ್ಪನವರೊಂದಿಗೆ ಕುಳಿತು ಪುಸ್ತಕದೊಡನೆ ತಾಳೆ ನೋಡಿದೆ. ಅವು ಅವರು ಊರಿನಲ್ಲಿಲ್ಲದ ದಿನಗಳಾಗಿದ್ದವು. ಪುಸ್ತಕದಲ್ಲೂ ಆ ಸಾಲುಗಳು ಖಾಲಿಯೇ ಇದ್ದವು.