ಜ್ವಾಳದ ತೌಡು ಚೆಲ್ಲಬ್ಯಾಡ್ರಿ, ಕರುಳಿಗೆ ಬೇಕದು

ದೊಡ್ಡ ಕರುಳಿನ ಕ್ಯಾನ್ಸರ್ ಸುದ್ದಿ ಬಂತಂದ್ರ ನಮ್ಮ ಗದಗಿನ ಹೆಣ್ಣುಮಕ್ಕಳು ಮೊದಲು ಕೇಳೂದು, "ಏನ್ ತಿಂದ್ರ ಬರೂದಿಲ್ರಿ?" ಅಂತ. ಅಂಥಾ ಒಂದು ಪದಾರ್ಥ ಯಾವುದೂ ಇಲ್ರಿ. ಈ ರೋಗ ಬಹಳ ಸಲ ಕರುಳಿನ ಗ್ವಾಡಿ ಮ್ಯಾಲ ಪಾಲಿಪ್ ಅನ್ನೋ ಸಣ್ಣ ಗಂಟಾಗಿ ಹುಟ್ಟಿ, ವರ್ಷಗಟ್ಟಲೆ ಸುಮ್ಮನ ಬೆಳೀತದ. ಅಷ್ಟೂ ವರ್ಷ ತಾಟಿನ್ಯಾಗ ದಿನಾ ಏನು ಬೀಳ್ತದ ಅನ್ನೋದರ ಮ್ಯಾಲ ಅಪಾಯ ಹೆಚ್ಚು ಕಡಿಮಿ ಆಗ್ತದ.

ನನ್ನ ಮೊದಲ ತಕರಾರು ಸಾಣಿಗಿ ಮ್ಯಾಲ. ರೊಟ್ಟಿ ಬೆಳ್ಳಗ, ತೆಳ್ಳಗ ಬರಬೇಕಂತ ಜ್ವಾಳದ ಹಿಟ್ಟು ಸಣ್ಣ ಸಾಣಿಗಿಯೊಳಗ ಎರಡೆರಡು ಸಲ ಸಾಣಿಸಿ, ಉಳಿದ ತೌಡು ಎಮ್ಮಿಗೆ ಹಾಕ್ತೀರಿ. ಎಮ್ಮಿ ಆರಾಮ ಇರ್ತದ! ನೂರು ಗ್ರಾಂ ಜ್ವಾಳದೊಳಗ ಸುಮಾರು 10 ಗ್ರಾಂ ನಾರು ಇರ್ತದ, ಪಾಲಿಶ್ ಅಕ್ಕಿಯೊಳಗ 3 ಗ್ರಾಂನೂ ಇಲ್ಲ. ಈ ನಾರು ನಮಗ ಅರಗೂದಿಲ್ಲ ಖರೆ, ಆದ್ರ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನ ಹುಳಿ ಬರಿಸಿ ಬ್ಯುಟಿರೇಟ್ ಅನ್ನೋದನ್ನ ಮಾಡ್ತಾವ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ಮಲಾನೂ ಮೆತ್ತಗಾಗಿ ಲಗೂನ ಮುಂದ ಹೋಗ್ತದ. ಅದಕ್ಕ ಹಿಟ್ಟು ದಪ್ಪ ಸಾಣಿಗಿಯೊಳಗ ಒಂದೇ ಸಲ ಆಡಿಸ್ರಿ, ಕಸ ಕಡ್ಡಿ ತೆಗದ್ರ ಸಾಕು. ಎಸರು ಕುದಿಯೋದು ಹಾಕಿ ಚಲೋತ್ನಂಗ ನಾದಿದ್ರ ರೊಟ್ಟಿ ಹರಿಯೂದಿಲ್ಲ.

ಜೋಡಿಗೆ ಮಡಿಕಿಕಾಳಿನ ಉಸಳಿ, ಹೆಸರುಕಾಳು, ಪುಂಡಿಪಲ್ಯ, ಅಗಸಿ ಹಿಂಡಿ. ಹಕ್ಕರಿಕಿ, ಮೆಂತೆ, ಮೂಲಂಗಿ ಹಸೇದ ತೊಳದು ತಾಟಿನ ಬಾಜೂಕ ಇಡ್ರಿ. ಕೆನಿ ತೆಗದ ಮಸರೂ ಬೇಕು, ಹಾಲು ಮಸರಿನ ಕ್ಯಾಲ್ಸಿಯಂ ಈ ಕ್ಯಾನ್ಸರಿನ ಅಪಾಯ ತಗ್ಗಿಸ್ತದ. ಇಷ್ಟು ದಿನ ಬರೇ ಅನ್ನ, ಬ್ರೆಡ್ಡು ತಿಂದವರು ಒಮ್ಮೆಲೇ ನಾರು ಹೆಚ್ಚು ಮಾಡಿದ್ರ ಹೊಟ್ಟಿ ಉಬ್ಬರಸ್ತದ. ವಾರವಾರಕ್ಕ ಸ್ವಲ್ಪ ಸ್ವಲ್ಪ ಏರಿಸ್ರಿ, ನೀರು ಕುಡೀರಿ.

ಬದನಿಕಾಯಿ ಭಜಿ ಬಿಡ್ರಿ ಅನ್ನೋ ಧೈರ್ಯ ಗದಗಿನಾಗ ಕುಂತು ನನಗಿಲ್ಲ. ಯಾವಾಗರ ತಿನ್ರಿ, ದಿನಾ ಸಂಜಿಗೆ ಬ್ಯಾಡ. ಮಾಂಸ ತಿನ್ನೋ ಮನ್ಯಾಗ ಸಾಸೇಜು, ಸಲಾಮಿ ಅಂಥಾ ಸಂಸ್ಕರಿಸಿದ್ದು ಮನಿಗೆ ತರಲೇಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಾಗ ಅದನ್ನ ಕ್ಯಾನ್ಸರ್‌ಕಾರಕ ಅಂತ ಸಾರೇದ. ದಿನಾ 50 ಗ್ರಾಂ ತಿಂದ್ರ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇಕಡಾ 18ರಷ್ಟು ಏರ್ತದಂತ. ಕುರಿ ಮಾಂಸ ಹಿತಮಿತ ಇರ್ಲಿ. ಸೆರೆ ಮತ್ತ ಬೀಡಿ ಬಗ್ಗೆ ಚೌಕಾಶಿ ಬ್ಯಾಡ.

ಇಷ್ಟೆಲ್ಲಾ ಉಂಡವರಿಗೂ ರೋಗ ಬರಬಹುದು. ಮಲದಾಗ ರಕ್ತ ಕಂಡ್ರ "ಮೂಲವ್ಯಾಧಿ ಇರಬೇಕು" ಅಂತ ನಾಚಿಕೊಂಡು ಔಷಧಿ ಅಂಗಡಿ ಮುಲಾಮಿನ ಮ್ಯಾಲ ತಿಂಗಳು ದೂಡಬ್ಯಾಡ್ರಿ. ವಾರಗಟ್ಟಲೆ ಸಂಡಾಸದ ರೂಢಿ ಬದಲಾದ್ರ, ಕಾರಣ ಇಲ್ಲದ ತೂಕ ಇಳದ್ರ, ವಯಸ್ಸಾದವರಿಗೆ ರಕ್ತ ಕಡಿಮಿ ಅಂತ ಬಂದ್ರ, ಡಾಕ್ಟರ್ ಮುಂದ ಬಿಚ್ಚಿ ಹೇಳಿ, ಕರುಳು ತಪಾಸಣೆ ಮಾಡಬೇಕೇನ್ರಿ ಅಂತ ನೀವ ಕೇಳ್ರಿ. ಅವ್ವ ಅಪ್ಪಗ, ಒಡಹುಟ್ಟಿದವರಿಗೆ ಈ ರೋಗ ಆಗಿದ್ರ ಲಕ್ಷಣ ಕಾಣೋತನಕ ಕಾಯಬ್ಯಾಡ್ರಿ, ಅದನ್ನೂ ಮೊದಲ ಹೇಳ್ರಿ.